ಗಂಟೂ ಗಡಿಯೂ

ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ವಿಚಾರಶಕ್ತಿ ಕುಂದುತ್ತದೆ. ಎಲ್ಲಿಯದು, ಎಷ್ಟು ಆಳದ್ದು ಎಂದು ಕೇಳುವ ಮೊದಲೇ ಮನೆಮಂದಿ ಎದೆಗುಂದುತ್ತಾರೆ. ಆದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ವೈದ್ಯರಿಗೆ ಆಳವೇ ಮುಖ್ಯವಾದ ಪ್ರಶ್ನೆ. ಇದನ್ನು ನಾನು ಅರಿತದ್ದು ನನ್ನ ತೀರ್ಥರೂಪರ ನಿಮಿತ್ತದಿಂದ.

ಅವರ ದೊಡ್ಡ ಕರುಳಿನಲ್ಲಿ ತೊಟ್ಟುಳ್ಳ ಗಂಟೊಂದು, ವೈದ್ಯರು ಪಾಲಿಪ್ ಎನ್ನುವಂಥದು, ಬೆಳೆದಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊಲೊನೊಸ್ಕೋಪಿನ ಮೂಲಕ ಅದನ್ನು ತೊಟ್ಟುಸಹಿತ ತೆಗೆದರು. ಗ್ರಂಥಿಗಳು ಒಳಪದರವನ್ನು ದಾಟಿರುವಂತೆ ತೋರುತ್ತದೆ, ಇನ್ನಷ್ಟು ಸೀಳುಗಳನ್ನು ಪರೀಕ್ಷಿಸಬೇಕು ಎಂದು ಮೊದಲ ವರದಿ ಹೇಳಿತು. ಆ ವಾರವಿಡೀ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕಾಸರಗೋಡಿನಿಂದ ರೈಲು ಹತ್ತಿ ಪೆಥಾಲಜಿ ವೈದ್ಯೆಯನ್ನು ಕಂಡೆನು. "ಮಾಸ್ತರೇ, ನೀವೇ ನೋಡಿರಿ" ಎಂದು ಆಕೆ ಸೂಕ್ಷ್ಮದರ್ಶಕವನ್ನು ನನ್ನತ್ತ ತಿರುಗಿಸಿದರು.

ಗಂಟನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಸುಮಾರು 4 ಪಾಲಿನಷ್ಟು ತೆಳ್ಳಗೆ ಸೀಳಿ, ಬಣ್ಣವೂಡಿಸಿರುತ್ತಾರೆ. ಕೋಶಕೇಂದ್ರಗಳು ನೀಲಿಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುತ್ತವೆ. ಆರೋಗ್ಯವಂತ ಕರುಳಿನ ಗ್ರಂಥಿಗಳು ಸಾಲಾಗಿ ನಿಲ್ಲಿಸಿದ ಪ್ರನಾಳಗಳಂತಿವೆ. ಕೋಶಕೇಂದ್ರಗಳು ಬೆಂಚಿನಲ್ಲಿ ಕುಳಿತ ಶಿಸ್ತಿನ ಮಕ್ಕಳಂತೆ ಬುಡದಲ್ಲಿ ಒಂದೇ ಸಾಲಿನಲ್ಲಿರುತ್ತವೆ. ಅಡಿನೋಮಾ ಎಂಬ ಬಗೆಯ ಪಾಲಿಪಿನಲ್ಲಿ ಅವು ಉದ್ದವಾಗಿ, ಕಪ್ಪೇರಿ, ಒಂದರ ಮೇಲೊಂದು ನೂಕಾಡುತ್ತವೆ. ಇದು ಮುಂದೆ ಕೆಡಬಹುದಾದದ್ದು. ಆದರೆ ಇನ್ನೂ ಕ್ಯಾನ್ಸರ್ ಅಲ್ಲ.

ಈ ಗ್ರಂಥಿಗಳ ಕೆಳಗೆ ತೆಳುವಾದ ಸ್ನಾಯುವಿನ ಪಟ್ಟಿಯೊಂದಿದೆ. ಗದ್ದೆಯ ಬದುವಿನಂತಿರುವ ಅದೇ ಇಲ್ಲಿಯ ಗಡಿ. ಅದರ ಮೇಲಿನ ಪದರದಲ್ಲಿ ದುಗ್ಧನಾಳಗಳು ವಿರಳ. ಕೆಳಗಿನ ಪದರದಲ್ಲಿ ಹೇರಳ. ಕೆಟ್ಟ ಕೋಶಗಳು ಆ ಪಟ್ಟಿಯನ್ನು ಭೇದಿಸಿ ಕೆಳಗಿಳಿದರೆ ಬೇರೆ ಅಂಗಗಳಿಗೆ ದಾರಿ ತೆರೆಯುತ್ತದೆ. ಆದುದರಿಂದಲೇ ಕರುಳಿನ ಮಟ್ಟಿಗೆ ಈ ಪಟ್ಟಿಯನ್ನು ದಾಟಿದುದನ್ನೇ ಆಕ್ರಮಣಕಾರಿ ಕ್ಯಾನ್ಸರ್ ಎಂದು ಕರೆಯುತ್ತಾರೆ.

ಹಾಗಾದರೆ ಗಡಿಯಾಚೆ ಕಂಡ ಗ್ರಂಥಿಗಳೆಲ್ಲ ಆಕ್ರಮಣಕಾರಿಗಳೇ? ಅಲ್ಲ, ಕಷ್ಟವಿರುವುದು ಇಲ್ಲಿಯೇ. ತೊಟ್ಟುಳ್ಳ ಪಾಲಿಪ್ ಕರುಳಿನ ಚಲನೆಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಒಳಗೆ ರಕ್ತ ಒಸರುತ್ತದೆ. ಗ್ರಂಥಿಗಳು ಒತ್ತಡದಿಂದ ಪಟ್ಟಿಯ ಕೆಳಕ್ಕೆ ತಳ್ಳಲ್ಪಡುತ್ತವೆ. ಮುಟೋ, ಬಸ್ಸೀ, ಮಾರ್ಸನ್ ಎಂಬ ಮೂವರು 1973ರಲ್ಲಿ ಈ ಹುಸಿ ಆಕ್ರಮಣವನ್ನು ವಿವರಿಸಿ ಬರೆದರು. ಹೀಗೆ ತಳ್ಳಲ್ಪಟ್ಟ ಗ್ರಂಥಿಗಳು ತಮ್ಮ ಮೂಲನೆಲೆಯ ಮೃದು ಅಂಗಾಂಶವನ್ನು ಸುತ್ತಲೂ ಹೊದ್ದುಕೊಂಡೇ ಇರುತ್ತವೆ. ಅವುಗಳ ಗುಂಪಿನ ಅಂಚು ದುಂಡಗಿರುತ್ತದೆ; ಪಕ್ಕದಲ್ಲಿ ಹಳೆಯ ರಕ್ತದ ಕಬ್ಬಿಣದ ಕಂದು ಕಲೆಯಿರುತ್ತದೆ. ನಿಜವಾದ ಕ್ಯಾನ್ಸರಿನ ಗ್ರಂಥಿಗಳಾದರೋ ಮೊನಚು ಮೊನಚಾಗಿ, ಆ ಹೊದಿಕೆಯಿಲ್ಲದೆ ನುಗ್ಗುತ್ತವೆ. ಅವುಗಳ ಸುತ್ತ ನಾರಿನಂತಹ ಗಡಸು ಅಂಗಾಂಶ ಬೆಳೆಯುತ್ತದೆ.

ತೀರ್ಥರೂಪರ ಸೀಳುಗಳಲ್ಲಿ ಆ ಕಂದು ಕಲೆಯನ್ನೂ ಮೃದುವಾದ ಹೊದಿಕೆಯನ್ನೂ ವೈದ್ಯೆ ತೋರಿಸಿದರು. ಹೆಚ್ಚುವರಿ ಸೀಳುಗಳಲ್ಲಿಯೂ ಅದೇ ಕಂಡಿತು. ತೊಟ್ಟಿನ ಕತ್ತರಿಸಿದ ತುದಿ ಶುದ್ಧವಾಗಿತ್ತು. ಅಂತಿಮ ವರದಿ ಅಡಿನೋಮಾ ಎಂದು ಬಂದುದರಿಂದ ಕರುಳನ್ನು ಕೊಯ್ಯುವ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿತು. ಗೊತ್ತುಪಡಿಸಿದ ಕಾಲಕ್ಕೆ ಮರುಪರೀಕ್ಷೆ ಮಾತ್ರ ಉಳಿಯಿತು. ಗೆರೆಯ ಆಚೆ ಕಂಡ ಮಾತ್ರಕ್ಕೆ ಯಾರನ್ನೂ ನುಗ್ಗಿಬಂದವರೆನ್ನಲಾಗದೆಂಬುದು, 1956ರಲ್ಲಿ ಎಳೆದ ಗೆರೆಯ ಈಚೆ ಉಳಿದ ನಮಗೆ ಹೊಸ ಪಾಠವೇನೂ ಅಲ್ಲ.

ಅಧ್ಯಾಪಕ ಬಂಧುಗಳೇ, ಬಹುಪಾಲು ಪಾಲಿಪುಗಳು ಕ್ಯಾನ್ಸರಾಗುವುದೇ ಇಲ್ಲ. ಆಗುವವಕ್ಕೂ ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಆ ಅವಧಿಯೇ ನಮಗೆ ದೊರೆತ ಅವಕಾಶ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರುವ ಹಿರಿಯರು ನಮ್ಮ ಮನೆಮನೆಯಲ್ಲಿದ್ದಾರೆ. ಅವರನ್ನು ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯುವುದು ಅಕ್ಷರ ಬಲ್ಲ ನಮ್ಮ ಕರ್ತವ್ಯ.