ಅಂಕಿಗಳಲ್ಲಿ ಬರೆದ ಹೆಸರು

ಪಾತ್ರೆಯನ್ನರಿತು ಪದಾರ್ಥವನ್ನಿಡಬೇಕೆಂಬುದು ಅಡಿಗೆಮನೆಯ ಮೊದಲನೆಯ ಪಾಠ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿಯನ್ನಿಟ್ಟರೆ ಕಿಲುಬು ಹತ್ತುವುದೆಂದು ತಿಳಿಯದ ಗೃಹಿಣಿಯಿಲ್ಲ. ವೆಬ್‌ಸೈಟಿನ ಹಿಂದಿರುವ ಕೋಷ್ಟಕಗಳಿಗೂ ಇದೇ ನ್ಯಾಯವು ಸಲ್ಲುತ್ತದೆ. ಕೋಷ್ಟಕದ ಒಂದೊಂದು ಕಾಲಮೂ ಒಂದೊಂದು ಪಾತ್ರೆ. ಅದರಲ್ಲಿ ಸಂಖ್ಯೆ ತುಂಬತಕ್ಕದ್ದೋ, ಅಕ್ಷರವೋ, ದಿನಾಂಕವೋ ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಇದಕ್ಕೆ ಡೇಟಾ ಟೈಪ್ ಎಂದು ಹೆಸರು.

ಒಂದೂರಿನ ಶಾಲೆಯವರು ಶತಮಾನೋತ್ಸವವನ್ನು ನಡೆಯಿಸಲೆಳಸಿ, ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಸಿದ್ಧಪಡಿಸುವ ಕೆಲಸವನ್ನು ಉತ್ಸಾಹಿಯಾದ ತರುಣನೊಬ್ಬನಿಗೆ ಒಪ್ಪಿಸಿದರು. ಅವನು ಮೊಬೈಲ್ ನಂಬರಿನ ಕಾಲಮಿಗೆ ಇಂಟಿಜರ್, ಎಂದರೆ ಪೂರ್ಣಾಂಕ, ಎಂಬ ಟೈಪನ್ನು ಕೊಟ್ಟನು. ನಂಬರೆಂದ ಮೇಲೆ ಸಂಖ್ಯೆಯಲ್ಲವೇ! ಊರಿನವರು ಕಾಗದದ ಅರ್ಜಿಗಳನ್ನು ಕೊಟ್ಟರು. ದೂರದಲ್ಲಿದ್ದವರು ವೆಬ್‌ಸೈಟಿನಲ್ಲಿಯೇ ತುಂಬಿದರು. ಆಹ್ವಾನವನ್ನು ಕಳುಹಿಸಬೇಕೆಂದು ಪಟ್ಟಿಯನ್ನು ತೆರೆದು ನೋಡಿದರೆ, ನಾನೂರಕ್ಕೆ ಮಿಕ್ಕ ಹೆಸರುಗಳ ಮುಂದೆಯೂ ಒಂದೇ ನಂಬರು: 2147483647.

ಕಾರಣವು ಸರಳವಾದುದು. ನಾಲ್ಕು ಬೈಟುಗಳ ಇಂಟಿಜರಿನಲ್ಲಿ ಹಿಡಿಸುವ ಅತ್ಯಂತ ದೊಡ್ಡ ಸಂಖ್ಯೆಯೇ ಅದು. ನಮ್ಮ ದೇಶದ ಮೊಬೈಲ್ ನಂಬರುಗಳು ಹತ್ತು ಅಂಕಿಗಳವು. 6, 7, 8 ಇಲ್ಲವೆ 9ರಿಂದ ಆರಂಭವಾಗತಕ್ಕವು. ಒಂದಾದರೂ ಆ ಪಾತ್ರೆಯಲ್ಲಿ ಹಿಡಿಸದು. ಆ ಡೇಟಾಬೇಸು ಮೈಎಸ್‌ಕ್ಯೂಎಲ್. 2015ರಲ್ಲಿ ಬಂದ 5.7ನೆಯ ಆವೃತ್ತಿಯು ಇಂತಹ ಸಂಖ್ಯೆಯನ್ನು ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಆದರೆ ಆ ಕಟ್ಟುನಿಟ್ಟನ್ನು ಸಡಿಲಿಸಿದ್ದರೆ, ಹಿಡಿಸಿದಷ್ಟನ್ನು ಇಟ್ಟುಕೊಂಡು ಸುಮ್ಮನಾಗುತ್ತದೆ. ಇಲ್ಲಿ ಆದದ್ದೂ ಅದೇ.

ಶಾಲೆಯ ವೃದ್ಧ ಗುಮಾಸ್ತರು ಇದನ್ನು ಕೇಳಿ, “ಮಗು, ಇಬ್ಬರ ನಂಬರುಗಳನ್ನು ಕೂಡಿದರೆ ಏನು ಬರುತ್ತದೆ?” ಎಂದರು.

“ಏನೂ ಬರುವುದಿಲ್ಲ, ರಾಯರೇ. ಕೂಡುವುದರಲ್ಲಿ ಅರ್ಥವೇ ಇಲ್ಲ.”

“ಹಾಗಾದರೆ ಅದು ಸಂಖ್ಯೆ ಹೇಗಾಯಿತು? ಅಂಕಿಗಳಲ್ಲಿ ಬರೆದ ಹೆಸರಲ್ಲವೇ?”

ಈ ಮಾತಿನಲ್ಲಿಯೇ ವಿಷಯದ ತಿರುಳೆಲ್ಲ ಅಡಗಿದೆ. ವಸ್ತುವು ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಅದರಿಂದ ಏನು ಮಾಡುತ್ತೇವೆ ಎಂಬುದನ್ನು ನೋಡಿ ಟೈಪನ್ನು ಆರಿಸಬೇಕು. ಮೈಸೂರಿನ ದೂರವಾಣಿ ಸಂಕೇತವಾದ 0821 ಎಂಬುದನ್ನು ಸಂಖ್ಯೆಯೆಂದು ಬಗೆದರೆ ಮೊದಲಿನ ಸೊನ್ನೆಯು ಅಳಿದು 821 ಉಳಿಯುತ್ತದೆ. ಚಂದಾಹಣವಾದರೋ ಕೂಡತಕ್ಕ ವಸ್ತು. ಅದು ನಿಜವಾದ ಸಂಖ್ಯೆ. ಅದಕ್ಕೆ ಪೈಸೆಯೂ ತಪ್ಪದ ಡೆಸಿಮಲ್ ಬೇಕು. ಫ್ಲೋಟ್ ಎಂಬ ಟೈಪು 0.1ನ್ನು ಕೂಡ ಸರಿಯಾಗಿ ಹಿಡಿದಿಡಲಾರದು.

ಹೆಸರಿನ ಕಾಲಮಿನಲ್ಲಿ ಬೇರೊಂದು ತೊಡಕು. ಲಕ್ಷ್ಮೀ ಎಂಬುದು ಕಿವಿಗೆ ಎರಡೇ ಅಕ್ಷರ. ಯಂತ್ರವು ಒತ್ತನ್ನೂ ದೀರ್ಘವನ್ನೂ ಬಿಡಿಬಿಡಿಯಾಗಿ ಎಣಿಸಿ ಏಳೆನ್ನುತ್ತದೆ. ಯುಟಿಎಫ್-8 ಲಿಪಿಕ್ರಮದಲ್ಲಿ ಅದು 21 ಬೈಟು. ಇಂಗ್ಲಿಷ್ ಹೆಸರಿನ ಅಳತೆಗೆ ಹೊಲಿದ ಅಂಗಿಯು ಕನ್ನಡದ ಹೆಸರಿಗೆ ಬಿಗಿಯಾಗುವುದು ಸಹಜವೇ ಸರಿ.

ಎಲ್ಲಕ್ಕೂ ಸೂಕ್ಷ್ಮವಾದುದು ಹುಟ್ಟಿದ ದಿನದ ಕಾಲಮು. ವೃದ್ಧೆಯೊಬ್ಬರು “ಧಾತು ಸಂವತ್ಸರದ ಶ್ರಾವಣ” ಎಂದು ಮಾತ್ರ ಬರೆಯಿಸಿದ್ದರು. ಅದು 1936ನೆಯ ಇಸವಿ, ದಿನವು ತಿಳಿಯದು. ಕಾಲಮು ಪೂರ್ಣ ದಿನಾಂಕವನ್ನೇ ಬೇಡಿತು. ತರುಣನು 1936ರ ಜನವರಿ 1 ಎಂದು ತುಂಬಿದನು. ಆ ದಿನ ಧಾತು ಸಂವತ್ಸರವು ಹುಟ್ಟಿಯೇ ಇರಲಿಲ್ಲ. ಇನ್ನೂ ಯುವ ಸಂವತ್ಸರವು ನಡೆಯುತ್ತಿತ್ತು. ಸತ್ಯವನ್ನೇ ನುಡಿದ ಮುದುಕಿಯ ಹೆಸರಿನಲ್ಲಿ ಕೋಷ್ಟಕವು ಸುಳ್ಳನ್ನು ನುಡಿಯಿತು.

ಪರವರ್ತಿಗಳಾದ ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸಿದ್ದಾರೆ. ಇಲ್ಲದಿರುವುದೂ ತಿಳಿಯತಕ್ಕ ಒಂದು ವಿಷಯವೇ ಎಂಬುದು ಅವರ ಮತ. ಡೇಟಾಬೇಸಿನಲ್ಲಿ ಇದಕ್ಕೆ ಸಮೀಪವಾದುದು ನಲ್. ನಲ್ ಎಂದರೆ ಸೊನ್ನೆಯಲ್ಲ. ಪರೀಕ್ಷೆಗೆ ಬಾರದ ಹುಡುಗನಿಗೂ, ಬಂದು ಏನೂ ಬರೆಯದ ಹುಡುಗನಿಗೂ ಒಂದೇ ಸೊನ್ನೆಯನ್ನು ಹಾಕಿದರೆ ಅದು ಅನ್ಯಾಯ. ತಿಳಿಯದು ಎಂದು ಹೇಳುವುದಕ್ಕೆ ಕೋಷ್ಟಕದಲ್ಲಿ ಎಡೆಯಿರಬೇಕು.

ತರುಣನು ಕಡೆಗೆ ವರ್ಷ, ತಿಂಗಳು, ದಿನಗಳಿಗೆ ಬೇರೆಬೇರೆ ಕಾಲಮುಗಳನ್ನಿರಿಸಿ, ತಿಳಿಯದುದನ್ನು ಬರಿದಾಗಿಯೇ ಬಿಟ್ಟನು. ನಂಬರುಗಳನ್ನು ಅಕ್ಷರದ ಕಾಲಮಿಗೆ ಸಾಗಿಸಿದನು. ಗುಮಾಸ್ತರು ಕಾಗದದ ಅರ್ಜಿಗಳನ್ನು ದಾರದಲ್ಲಿ ಕಟ್ಟಿ ಕಾಪಾಡಿದ್ದರಿಂದ ಊರಿನವರ ನಂಬರುಗಳೆಲ್ಲ ಮರಳಿ ದೊರೆತವು. ದೂರದಿಂದ ತುಂಬಿದವರವು ದೊರೆಯಲಿಲ್ಲ. ಪಾತ್ರೆಯಲ್ಲಿ ಹಿಡಿಸದೆ ಚೆಲ್ಲಿದುದನ್ನು ಮರಳಿ ಎತ್ತುವ ಉಪಾಯವು ಯಾರಲ್ಲಿಯೂ ಇರಲಿಲ್ಲ. ಉತ್ಸವದ ದಿನ, ಕರೆಯು ತಲುಪದವರಿಗಾಗಿ ಹಾಕಿದ್ದ ಕುರ್ಚಿಗಳಲ್ಲಿ ಹಲವು ಬರಿದಾಗಿಯೇ ಉಳಿದವು.