ಸೋಮರಾಜಿಯೂ ಸೂರ್ಯನೂ

ಬಾವಂಚಿಗೆ ಅಮರಕೋಶವು ಹೇಳುವ ಹೆಸರುಗಳಲ್ಲಿ ಸೋಮರಾಜಿ ಎಂಬುದೂ ಒಂದು. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ ನಮಗೆ, ಚಂದ್ರನ ಹೆಸರು ಹೊತ್ತ ಈ ಗಿಡಕ್ಕೆ ಸೂರ್ಯನ ನೆರವು ಬೇಕೆಂಬುದನ್ನು ಆಗ ಯಾರೂ ಹೇಳಲಿಲ್ಲ. ತೊನ್ನಿಗೆ ಇದರ ಬೀಜವನ್ನು ಅರೆದು ಹಚ್ಚಿ ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವುದು ವೈದ್ಯರ ಹಳೆಯ ಕ್ರಮ. ಅಥರ್ವವೇದದಲ್ಲಿಯೇ ಬಾವಂಚಿಯಿದೆಯೆಂದು ಕೆಲವರು ಬರೆಯುವರು. ಅಲ್ಲಿ ಅಸಿಕ್ನೀ ಎಂಬ ಓಷಧಿಯ ಹೆಸರಿರುವುದು ನಿಜ; ಬಾಕುಚಿ ಎಂಬುದಿಲ್ಲ.

1933ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ಎಲ್. ಮಂಜುನಾಥರೂ ಅವರ ಜೊತೆಗಾರರಾದ ಜೋಯಿಸ್, ವೆಂಕಟರಾವ್ ಎಂಬವರೂ ಈ ಬೀಜದಿಂದ ಸೊರಾಲೆನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಕತ್ತಲಲ್ಲಿ ಅದು ಹೆಚ್ಚೇನನ್ನೂ ಮಾಡದು. ನೇರಳಾತೀತ ಕಿರಣ ಬಿದ್ದೊಡನೆ ಜೀವಕೋಶದ ಡಿ.ಎನ್.ಎ.ಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುವುದು. ಆಮೇಲೆ ಆ ಕೋಶ ಒಡೆದು ಎರಡಾಗಲಾರದು. ಅರ್ಬುದರೋಗ, ಎಂದರೆ ಕ್ಯಾನ್ಸರ್, ಕೋಶಗಳು ಅಂಕೆಮೀರಿ ಹೆಚ್ಚುವ ರೋಗವಷ್ಟೆ. 1987ರಲ್ಲಿ ಅಮೆರಿಕದ ಎಡೆಲ್ಸನ್ ಎಂಬ ವೈದ್ಯರು, ಚರ್ಮದಲ್ಲಿ ಕಾಣಿಸಿಕೊಳ್ಳುವ ಬಿಳಿಯ ರಕ್ತಕಣಗಳ ಒಂದು ಕ್ಯಾನ್ಸರಿಗೆ ಸೊರಾಲೆನ್ ಕುಲದ ಮದ್ದನ್ನು ಕೊಟ್ಟು, ರಕ್ತವನ್ನು ಹೊರತೆಗೆದು, ಅದರ ಬಿಳಿಕಣಗಳಿಗೆ ಆ ಕಿರಣ ತಾಕಿಸಿ ಮರಳಿ ದೇಹಕ್ಕೆ ಸೇರಿಸಿದ ಫಲವನ್ನು ಪ್ರಕಟಿಸಿದರು.

ಕಕ್ಕಡದ ಮಳೆಯಲ್ಲಿ ಒಂದು ಸಂಜೆ ಇದನ್ನೆಲ್ಲ ನನ್ನ ಮಿತ್ರರೊಬ್ಬರಿಗೆ ಹೇಳುತ್ತಿದ್ದೆ. ಅವರು ಎಲೆಯಡಿಕೆ, ಹೊಗೆಸೊಪ್ಪುಗಳ ಹಳೆಯ ಅಭ್ಯಾಸಿ. ಎಲ್ಲವನ್ನೂ ಕೇಳಿ, ಮೆಲ್ಲನೆ ಕೆನ್ನೆಯ ಒಳಗಿನ ಹುಣ್ಣನ್ನು ತೋರಿಸಿದರು. ಎರಡು ತಿಂಗಳಿಂದ ಮಾಯ್ದಿರಲಿಲ್ಲ. “ಮಳೆ ಬಿಡಲಿ ಮೇಷ್ಟ್ರೆ, ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಬಾಯಿತೆರೆದು ಕೂರುತ್ತೇನೆ” ಎಂದರು.

ಕೂಡದೆಂದೆ. ಆ ಕಿರಣವು ಚರ್ಮವನ್ನು ದಾಟಿ ಹೆಚ್ಚು ಆಳಕ್ಕೆ ಇಳಿಯದು. ಅದಲ್ಲದೆ ಸೊರಾಲೆನ್ನೂ ನೇರಳಾತೀತ ಕಿರಣವೂ ಬಹುಕಾಲ ಕೂಡಿದರೆ ಚರ್ಮದಲ್ಲಿ ಹೊಸ ಕ್ಯಾನ್ಸರನ್ನೇ ತರಬಲ್ಲವು. “ಹಾಗಾದರೆ ಬೆಳಕಿನ ಬೇರೆ ಮದ್ದಿಲ್ಲವೆ?” ಎಂದರು. ಉಂಟು. 1993ರಲ್ಲಿ ಕೆನಡಾದಲ್ಲಿ ಒಪ್ಪಿಗೆ ಪಡೆದ ಫೋಟೋಫ್ರಿನ್ ಕೆಂಪು ಬೆಳಕಿನಿಂದ ಕೆರಳಿ, ದೇಹದ ಆಮ್ಲಜನಕವನ್ನೇ ವಿಷವಾಗಿಸಿ ಗೆಡ್ಡೆಯನ್ನು ಸುಡುವುದು. ಆದರೆ ಆ ಮದ್ದು ಚರ್ಮದಲ್ಲಿಯೂ ಉಳಿಯುವುದರಿಂದ ರೋಗಿ ತಿಂಗಳಿಗೂ ಮಿಕ್ಕಿ ಬಿಸಿಲಿಗೆ ಬರಬಾರದು. (ನಮ್ಮ ಮಳೆಗಾಲಕ್ಕೆ ಹೇಳಿಮಾಡಿಸಿದ ಪಥ್ಯ!) ಈ ಬಾಧೆ ತಪ್ಪಲೆಂದೇ, ಸಣ್ಣ ಅಣುಗಳ ಸರಪಣಿಯಾದ ಪಾಲಿಮರುಗಳಲ್ಲಿ ಮದ್ದನ್ನು ಸುತ್ತಿ ಗೆಡ್ಡೆಗೇ ಒಯ್ಯುವ ಪ್ರಯೋಗಗಳು ನಡೆದಿವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರು ಕಬ್ಬಿಣ, ವನೇಡಿಯಂ ಮೊದಲಾದ ಲೋಹಗಳ ಸಂಯುಕ್ತಗಳನ್ನು ಬೆಳಕಿನಿಂದ ಕೆರಳಿಸುವ ಬಗೆಯನ್ನು ಶೋಧಿಸಿದರು. ಇವುಗಳಲ್ಲಿ ಬಹುಪಾಲು ಇನ್ನೂ ಪ್ರಯೋಗಶಾಲೆಯಲ್ಲಿವೆ. ಹುಣ್ಣು ಅಷ್ಟು ಕಾಲ ಕಾಯುವುದೆ?

ಮರುವಾರವೇ ಅವರನ್ನು ಹೊರಡಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ವೈದ್ಯರು ಬೆಳಕಿನ ಮಾತೆತ್ತಲಿಲ್ಲ, ಕತ್ತಿಯನ್ನೇ ಹಿಡಿದರು. ಈಗ ಮಿತ್ರರ ಮಾತು ಕೊಂಚ ತೊದಲುವುದು. ಗಂಜಿ, ಮೆತ್ತನೆಯ ಕಡುಬು ಸೇರುತ್ತವೆ. ಎಲೆಯ ತಟ್ಟೆ ಮನೆಯಿಂದ ಹೋಗಿದೆ. ಆ ಬಗ್ಗೆ ನನ್ನ ಮೇಲಿನ ಮುನಿಸು ಮಾತ್ರ ಇನ್ನೂ ಇಳಿದಿಲ್ಲ.