ಉಪ್ಪು ಮತ್ತು ನೀರು

ಸ್ವಾತಂತ್ರ್ಯವೆಂಬ ಶಬ್ದವನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನ್ನ ಮನಸ್ಸು ಎರಡು ಅಲ್ಪ ಪದಾರ್ಥಗಳ ಕಡೆಗೆ ಹರಿಯುತ್ತದೆ. ಒಂದು ಉಪ್ಪು, ಮತ್ತೊಂದು ನೀರು. ಬಡವನ ಗಂಜಿಗೆ ಇವೆರಡೂ ಬೇಕು. ನಮ್ಮ ದೇಶದ ಎರಡು ದೊಡ್ಡ ಸತ್ಯಾಗ್ರಹಗಳು ಇವುಗಳ ನಿಮಿತ್ತವಾಗಿಯೇ ನಡೆದವು. ಅವುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸ್ವಾತಂತ್ರ್ಯದ ಎರಡು ಮುಖಗಳು ಕಾಣಿಸುತ್ತವೆಂದು ನನಗೆ ತೋರುತ್ತದೆ.

ಉಪ್ಪಿನ ಕಥೆಯನ್ನು ಅರಿಯದವರು ವಿರಳ. ೧೮೮೨ನೆಯ ಇಸವಿಯ ಕಾಯಿದೆಯ ಪ್ರಕಾರ, ಸಮುದ್ರತೀರದಲ್ಲಿ ತಾನಾಗಿ ಹೆಪ್ಪುಗಟ್ಟಿದ ಉಪ್ಪನ್ನು ಬಾಚಿಕೊಳ್ಳುವುದೂ ಅಪರಾಧವಾಗಿತ್ತು. ೧೯೩೦ನೆಯ ಇಸವಿ ಮಾರ್ಚ್ ೧೨ರಂದು ಗಾಂಧೀಜಿಯವರು ಸಾಬರಮತಿಯಿಂದ ಹೊರಟು, ಸುಮಾರು ೨೪೦ ಮೈಲಿ ನಡೆದು, ಏಪ್ರಿಲ್ ೬ರಂದು ದಾಂಡಿಯಲ್ಲಿ ಹಿಡಿಯುಪ್ಪನ್ನು ಎತ್ತಿಕೊಂಡರು. ಅದೇ ತಿಂಗಳಲ್ಲಿ ಕನ್ನಡದ ಕರಾವಳಿಯ ಅಂಕೋಲೆಯಲ್ಲಿಯೂ ಜನರು ಆ ಕಾಯಿದೆಯನ್ನು ಮುರಿದರು. ಸೆರೆಮನೆಗೆ ಸಿದ್ಧನಾಗಿ ಬಂದವನನ್ನು ಯಾವ ಸರಕಾರ ತಾನೇ ಹೆದರಿಸಬಲ್ಲದು? ಉಪ್ಪನ್ನೆತ್ತಿದ ಆ ಗಳಿಗೆಯಲ್ಲಿಯೇ ಅವನು ಸ್ವತಂತ್ರನು.

ನೀರಿನ ಕಥೆ ಇದಕ್ಕಿಂತ ಮೂರು ವರ್ಷ ಹಿಂದಿನದು. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿದವರೂ ಬಳಸಬಹುದೆಂದು ಮುಂಬಯಿಯ ಶಾಸನಸಭೆಯು ೧೯೨೩ರಲ್ಲಿಯೇ ನಿರ್ಣಯಿಸಿತ್ತು. ಮಹಾಡದ ಪುರಸಭೆಯೂ ೧೯೨೪ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಗೊತ್ತುಮಾಡಿತು. ಕಾಗದದ ಮೇಲೆ ಕೆರೆಯು ತೆರೆದಿತ್ತು, ದಡದಲ್ಲಿ ಮುಚ್ಚಿತ್ತು. ೧೯೨೭ನೆಯ ಇಸವಿ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ತಮ್ಮ ಜನರೊಡನೆ ಅಲ್ಲಿಗೆ ನಡೆದುಹೋಗಿ ಆ ನೀರನ್ನು ಕುಡಿದರು. ಅವರು ಕಾಯಿದೆಯನ್ನೇನೂ ಮುರಿಯಲಿಲ್ಲ. ಆದರೂ ಆ ಜನರ ಮೇಲೆ ದೊಣ್ಣೆಗಳೆದ್ದವು, ಕೆರೆಯನ್ನು ಪಂಚಗವ್ಯದಿಂದ ‘ಶುದ್ಧ’ಗೊಳಿಸಲಾಯಿತು, ಪುರಸಭೆಯು ಅದೇ ವರ್ಷ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು. ವ್ಯಾಜ್ಯವು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ತೀರ್ಮಾನವಾದುದು ೧೯೩೭ರಲ್ಲಿ.

ಇಲ್ಲಿಯ ಭೇದವನ್ನು ವಾಚಕರು ಗಮನಿಸಬೇಕು. ದಾಂಡಿಯಲ್ಲಿ ಅಡ್ಡ ನಿಂತುದು ಸರಕಾರ. ಮಹಾಡದಲ್ಲಿ ಅಡ್ಡ ನಿಂತುದು ನೆರೆಹೊರೆ. ಸರಕಾರವನ್ನು ಹಡಗು ಹತ್ತಿಸಿ ಕಳುಹಿಸಬಹುದು. ಉಪ್ಪಿನ ತೆರಿಗೆಯೂ ೧೯೪೭ರಲ್ಲಿ ಹೋಯಿತು. ನೆರೆಹೊರೆಯನ್ನು ಎಲ್ಲಿಗೆ ಕಳುಹಿಸೋಣ?

೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ಅನುಚ್ಛೇದವು ಕೆರೆ, ಬಾವಿ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಹೇಳಿದೆ. ೧೭ನೆಯದು ಅಸ್ಪೃಶ್ಯತೆಯನ್ನೇ ರದ್ದುಪಡಿಸಿದೆ. ಆದರೂ ನಮ್ಮ ಬೀದಿಯಲ್ಲಿ ಬಾಡಿಗೆಮನೆ ಕೇಳಿಕೊಂಡು ಬಂದವರಿಗೆ ಹಾಕುವ ಮೊದಲ ಪ್ರಶ್ನೆ ಹಣದ್ದಲ್ಲ, “ತಾವು ಯಾವ ಜನ?” ಎಂಬುದು. ಉತ್ತರವು ಒಪ್ಪಿಗೆಯಾಗದಿದ್ದರೆ ಖಾಲಿಯಿದ್ದ ಮನೆಯು ಆ ಕ್ಷಣವೇ ಭರ್ತಿಯಾಗುತ್ತದೆ. ಅದೇ ಮಾಳಿಗೆಯ ಮೇಲೆ ಆಗಸ್ಟ್ ೧೫ರಂದು ಬಾವುಟ ಹಾರುವುದನ್ನೂ ನಾನು ಕಂಡಿದ್ದೇನೆ. ಇದನ್ನು ಕಪಟವೆನ್ನಲಾರೆ. ಬಾವುಟವನ್ನು ಏರಿಸಿದ ಭಕ್ತಿ ನಿಜವಾದುದೇ. ಆದರೆ ಸ್ವಾತಂತ್ರ್ಯವೆಂದರೆ ಆಂಗ್ಲರಿಂದ ನಾವು ಪಡೆದ ವಸ್ತುವೆಂದು ಆ ಗೃಹಸ್ಥರು ನಂಬಿದ್ದಾರೆ. ಇನ್ನೊಬ್ಬರಿಗೆ ತಾವು ಕೊಡಬೇಕಾದುದೂ ಅದರಲ್ಲಿ ಉಂಟೆಂಬುದು ಅವರ ಎಣಿಕೆಗೆ ಬಂದಿಲ್ಲ.

ಉಪ್ಪಿನ ಹೋರಾಟದಲ್ಲಿ ನಾವೆಲ್ಲರೂ ಕೇಳುವವರ ಸಾಲಿನಲ್ಲಿದ್ದೆವು. ನೀರಿನ ಹೋರಾಟದಲ್ಲಿ ನಮ್ಮಲ್ಲಿ ಅನೇಕರು ಕೊಡಬೇಕಾದವರ ಸಾಲಿನಲ್ಲಿದ್ದೇವೆ. ಕೇಳುವುದಕ್ಕೆ ಧೈರ್ಯ ಬೇಕು, ಅದಕ್ಕೆ ಮೆರವಣಿಗೆಯುಂಟು, ಹಾರವುಂಟು. ಕೊಡುವುದಕ್ಕೆ ನಮ್ಮ ಚಿಕ್ಕ ದೊರೆತನವನ್ನು ನಾವೇ ಇಳಿಸಬೇಕು. ಅದನ್ನು ನೋಡಿ ಜಯಕಾರ ಮಾಡುವವರು ಯಾರೂ ಇರುವುದಿಲ್ಲ. ಮನೆ ಕೇಳಲು ಬಂದವರಿಗೆ ಬಾಡಿಗೆಯೆಷ್ಟೆಂಬುದನ್ನು ಮಾತ್ರ ಹೇಳಿ ಬೀಗದ ಕೈಯನ್ನು ಕೊಟ್ಟವರ ಹೆಸರು ಯಾವ ಚರಿತ್ರೆಯಲ್ಲಿಯೂ ಬರಲಾರದು. ಆದರೆ ಆ ದಿನ ಆ ಮನೆಯ ಮಟ್ಟಿಗೆ ಸ್ವರಾಜ್ಯವು ಬಂದಿತೆಂದು ಹೇಳಲು ನಾನು ಸಂಕೋಚಪಡುವುದಿಲ್ಲ.